ಒಂದೇ ಕಬ್ಬು, ಎರಡು ಹೊಲ

ಮಿರಜದಿಂದ ಲೋಂಡದ ಕಡೆಗೆ ಸಾಗುವ ರೈಲುಗಾಡಿಯು ಉಗಾರ ಖುರ್ದ ನಿಲ್ದಾಣವನ್ನು ಬಿಟ್ಟು ಕೃಷ್ಣಾ ನದಿಯನ್ನು ದಾಟಿತೆಂದರೆ ಕುಡಚಿ ಬಂತೆಂದೇ ತಿಳಿಯಬೇಕು. ಸೇತುವೆಯ ಮೇಲಿಂದ ನೋಡುವವನಿಗೆ ಎರಡೂ ದಡಗಳು ಕಬ್ಬಿನ ಹಸುರಿನಿಂದ ಒಂದೇ ಬಟ್ಟೆಯನ್ನು ಹಾಸಿದಂತೆ ಕಾಣುತ್ತವೆ. ಹೊಳೆಸಾಲಿನ ಎರೆಭೂಮಿ, ಏತನೀರಾವರಿಯ ನೀರು, 1939ರಲ್ಲಿ ಆಚೆಯ ದಡದಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರ್ಖಾನೆ – ಇವು ಮೂರೂ ಸೇರಿ ಈ ಸೀಮೆಯ ಮುಖವನ್ನೇ ಬದಲಿಸಿವೆ. ಆದರೆ ರೈಲಿನ ಕಿಟಕಿಯು ಹೇಳುವುದು ಅರ್ಧ ಸತ್ಯ. ಗಾಡಿಯಿಂದ ಇಳಿದು, ಕಾಲುದಾರಿ ಹಿಡಿದು, ಬದುವಿನ ಮೇಲೆ ನಡೆದು ನೋಡಿದಾಗ ಆ ಒಂದೇ ಬಟ್ಟೆಯು ನೂರು ತೇಪೆಗಳ ಕೌದಿಯೆಂದು ತಿಳಿದುಬರುತ್ತದೆ.

ಇಂತಹ ಒಂದು ಬದುವಿನ ಮೇಲೆ ನಿಂತಾಗ ನನ್ನ ಎಡಕ್ಕೆ ಎರಡಾಳೆತ್ತರ ಬೆಳೆದು, ಒಳಗೆ ಬಿಸಿಲೇ ಇಳಿಯದಂತೆ ಒತ್ತಾಗಿ ನಿಂತ ಕಬ್ಬಿತ್ತು. ಬಲಕ್ಕೆ ಎದೆಯೆತ್ತರಕ್ಕೆ ನಿಂತುಹೋದ, ಎಲೆಯ ತುದಿ ಸುಟ್ಟಂತಾಗಿದ್ದ, ಬೆರಳುಗಾತ್ರದ ಕಬ್ಬಿತ್ತು. ಅದರ ಬುಡದ ಮಣ್ಣಿನ ಮೇಲೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಉಪ್ಪು ಕಟ್ಟಿತ್ತು. ಇವೆರಡೂ ಬೇರೆ ಬೇರೆ ಜಾತಿಯ ಕಬ್ಬುಗಳೇ ಎಂದು ನಾನು ಕೇಳಿದಾಗ ಹೊಲದ ಯಜಮಾನರು ನಕ್ಕುಬಿಟ್ಟರು.

"ಎಲ್ಲೀದರೀ ಸರ! ಬೀಜ ಒಂದ ಐತಿ, ಹೊಲಾ ಎರಡ ಅದಾವ. ಒಂದ ಪ್ಲಾಟಿನ ಕಬ್ಬ ಕಡದು ಎರಡೂ ಕಡೆ ಹಚ್ಚೇನಿ. ಈ ಕಡೆ ನೆಲಾ ಸವಳ ಹಿಡದೈತಿ, ಅಷ್ಟ."

ಜೀವವಿಜ್ಞಾನದ ಗ್ರಂಥಗಳು ಅನೇಕ ಅಧ್ಯಾಯಗಳಲ್ಲಿ ವಿವರಿಸುವ ಒಂದು ಪ್ರಶ್ನೆಯ ಅರ್ಧಭಾಗವು ಈ ಮಾತಿನಲ್ಲಿದೆ. ಒಂದೇ ಕುಲದ ಜೀವಿಗಳು ಒಂದರಂತೆ ಒಂದು ಏಕಿರುವುದಿಲ್ಲ? ಅವುಗಳ ನಡುವಣ ಅಂತರವು ಹುಟ್ಟಿನಿಂದ ಬಂದುದೋ, ಬೆಳೆದ ನೆಲೆಯಿಂದ ಬಂದುದೋ? ನಮ್ಮ ಮನೆಗಳಲ್ಲಿ ಮಕ್ಕಳ ಬಣ್ಣ, ಎತ್ತರ, ಬುದ್ಧಿ, ಸಿಟ್ಟುಗಳನ್ನು ಕುರಿತು ದಿನವೂ ನಡೆಯುವ ಚರ್ಚೆಯೂ ಇದೇ ಅಲ್ಲವೇ? "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ಅಜ್ಜಿ ತೀರ್ಪು ಕೊಡುತ್ತಾರೆ. "ಎಲ್ಲ ಸಹವಾಸದೋಷ" ಎಂದು ತಂದೆ ಗೊಣಗುತ್ತಾರೆ. ಮನುಷ್ಯರ ವಿಷಯದಲ್ಲಿ ಈ ಗಂಟನ್ನು ಬಿಡಿಸುವುದು ಬಹು ಕಷ್ಟ. ಕಬ್ಬಿನ ವಿಷಯದಲ್ಲಿ ಸುಲಭ. ಆದುದರಿಂದಲೇ ಕುಡಚಿಯ ಹೊಲದಿಂದ ಪ್ರಾರಂಭಿಸುವುದು ಮೇಲು.

ರೈತನು ಕಬ್ಬನ್ನು ಬಿತ್ತುವುದಿಲ್ಲ, ನೆಡುತ್ತಾನೆ. ಕಬ್ಬಿನ ಪ್ರತಿಯೊಂದು ಗಿಣ್ಣಿನಲ್ಲಿಯೂ ಒಂದು ಮೊಗ್ಗು ಇರುತ್ತದೆ. ಅದಕ್ಕೆ ನಮ್ಮವರು ಕಣ್ಣು ಎಂದು ಹೆಸರಿಟ್ಟಿದ್ದಾರೆ. ಎರಡು ಮೂರು ಕಣ್ಣುಗಳಿರುವಂತೆ ಕಬ್ಬನ್ನು ತುಂಡರಿಸಿ ಸಾಲಿನಲ್ಲಿ ಹೂಳಿದರೆ ಕಣ್ಣು ತೆರೆದು ಮೊಳಕೆ ಬರುತ್ತದೆ. ಇಲ್ಲಿ ಗಂಡುಹೆಣ್ಣುಗಳ ಕೂಡುವಿಕೆಯಿಲ್ಲ, ಬೀಜವಿಲ್ಲ. ಹೊಸ ಗಿಡವೆಂಬುದು ಹಳೆಯ ಗಿಡದ ದೇಹದ ಒಂದು ಚೂರೇ. ಹೀಗಾಗಿ ಒಂದು ತಳಿಯ ಕಬ್ಬು ಸಾವಿರ ಎಕರೆಗಳಲ್ಲಿ ಹಬ್ಬಿದ್ದರೂ ವಂಶದ ದೃಷ್ಟಿಯಿಂದ ಅದು ಒಂದೇ ಗಿಡ. ಏಕಾಂಡದಿಂದ ಹುಟ್ಟಿದ ಅವಳಿಮಕ್ಕಳನ್ನು ಕಂಡು ನಾವು ಬೆರಗಾಗುತ್ತೇವೆ. ಕಬ್ಬಿನ ಹೊಲದಲ್ಲಿ ಕೋಟ್ಯನುಕೋಟಿ ಅವಳಿಗಳು ಸಾಲಾಗಿ ನಿಂತಿರುತ್ತವೆ.

ಅವು ಹೀಗೆ ಅಭಿನ್ನವಾಗಿರುವುದರಿಂದಲೇ ಅವುಗಳ ನಡುವೆ ಕಾಣುವ ಭೇದವೆಲ್ಲವೂ ಪರಿಸರದ ಕೈವಾಡವೆಂದು ಧೈರ್ಯವಾಗಿ ಹೇಳಬಹುದು. ನೆಲದಲ್ಲಿ ಉಪ್ಪು ಹೆಚ್ಚಾದಾಗ ಬೇರು ನೀರನ್ನು ಹೀರಲಾರದೆ, ನೀರಿನಲ್ಲಿ ನಿಂತೇ ಗಿಡವು ಬಾಯಾರುತ್ತದೆ. ನೀರು ಬಸಿದುಹೋಗದೆ ನಿಂತರೆ ಬೇರಿಗೆ ಗಾಳಿಯಿಲ್ಲ. ಚಳಿಗಾಲದ ರಾತ್ರಿಗಳು ತಂಪಾಗಿ, ನೆಲ ಸ್ವಲ್ಪ ಒಣಗಿದರೆ ಬೆಳವಣಿಗೆ ನಿಧಾನವಾಗಿ ಗಣಿಕೆಯಲ್ಲಿ ಸಕ್ಕರೆ ಕೂಡುತ್ತದೆ. ಮೋಡ ಕವಿದ ವರ್ಷ ಅದೇ ಕಬ್ಬು ಸಪ್ಪೆಯಾಗುತ್ತದೆ. ಸಾಲಿನ ತುದಿಯ ಗಿಡಕ್ಕೆ ಬಿಸಿಲು ಹೆಚ್ಚು, ನಡುವಿನದಕ್ಕೆ ಕಡಿಮೆ. ಅಷ್ಟರಲ್ಲಿಯೇ ಗಾತ್ರ ಬದಲಾಗುತ್ತದೆ. ಇವೆಲ್ಲವೂ ನಿಜವಾದ ವ್ಯತ್ಯಾಸಗಳೇ. ಕಾರ್ಖಾನೆಯ ತೂಕದ ಕಟ್ಟೆಯ ಮೇಲೆ ಅವುಗಳಿಗೆ ಬೆಲೆಯೂ ಇದೆ. ಆದರೆ ಇವಾವುವೂ ಮುಂದಿನ ಪೀಳಿಗೆಗೆ ದಾಟುವುದಿಲ್ಲ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸನ್. ಅವನು ಕೈಗೆತ್ತಿಕೊಂಡದ್ದು ಅಡುಗೆಮನೆಯ ಸಾಮಾನ್ಯ ಹುರುಳಿಕಾಯಿಯ ಬೀಜ. ಆ ಗಿಡವು ತನ್ನ ಹೂವಿನಿಂದ ತಾನೇ ಫಲಿಸುವುದರಿಂದ ಒಂದು ಬೀಜದ ಸಂತತಿಯು ಬೆರಕೆಯಿಲ್ಲದ ಶುದ್ಧ ಸಾಲಾಗಿ ಮುಂದುವರಿಯುತ್ತದೆ. ಅಂತಹ ಒಂದೇ ಸಾಲಿನೊಳಗಿನ ದಪ್ಪ ಬೀಜಗಳನ್ನೂ ಸಣ್ಣ ಬೀಜಗಳನ್ನೂ ತೂಗಿ ಬೇರೆ ಬೇರೆಯಾಗಿ ಬಿತ್ತಿದನು. ದಪ್ಪ ಬೀಜದಿಂದ ದಪ್ಪ ಸಂತಾನ, ಸಣ್ಣದರಿಂದ ಸಣ್ಣ ಸಂತಾನ ಬರಬೇಕಷ್ಟೆ? ಬರಲಿಲ್ಲ. ಎರಡರ ಮಕ್ಕಳ ಸರಾಸರಿ ತೂಕವೂ ಒಂದೇ ಆಯಿತು. ಬೇರೆ ಬೇರೆ ಸಾಲುಗಳನ್ನು ಹೋಲಿಸಿದಾಗ ಮಾತ್ರ ದಪ್ಪ ಸಣ್ಣದೆಂಬ ಭೇದವು ಸ್ಥಿರವಾಗಿ ಮುಂದುವರಿಯಿತು. 1903ರಲ್ಲಿ ಪ್ರಕಟವಾದ ಈ ಪ್ರಯೋಗದ ಮರ್ಮವನ್ನು ಹೇಳಲು ಅವನಿಗೆ ಶಬ್ದಗಳು ಸಾಲದೆ, 1909ರಲ್ಲಿ ಮೂರು ಹೊಸ ಪದಗಳನ್ನು ಟಂಕಿಸಿದನು: ಜೀನ್, ಜೀನೋಟೈಪ್, ಫೀನೋಟೈಪ್. ನಮ್ಮ ಮಾತಿನಲ್ಲಿ ಹೇಳುವುದಾದರೆ ವಂಶದ ಕಣ, ಬೀಜಗುಣ, ತೋರುಗುಣ. ಕನ್ನಡದ ಅಧ್ಯಾಪಕನಾದ ನನಗೆ ಬೀಜಗುಣವೆಂಬುದು ಹಿತವಾಗಿ ಕೇಳಿಸುತ್ತದೆ. ವಿಜ್ಞಾನದ ಮಿತ್ರರು ಒಪ್ಪದಿದ್ದರೆ ಅವರ ಪದವನ್ನೇ ಇಟ್ಟುಕೊಳ್ಳಲಿ.

ಯೋಹಾನ್ಸನ್ನನ ಹುರುಳಿಕಾಯಿಯು ಕುಡಚಿಯ ರೈತನಿಗೆ ಏನು ಹೇಳುತ್ತದೆ? ತನ್ನ ಹೊಲದಲ್ಲಿಯೇ ಎಲ್ಲಕ್ಕಿಂತ ದಪ್ಪನಾದ ಕಬ್ಬನ್ನು ಆರಿಸಿ ವರ್ಷವರ್ಷವೂ ನೆಟ್ಟರೆ ತಳಿ ಸುಧಾರಿಸೀತೆಂಬ ಆಸೆ ಫಲಿಸದು. ಎತ್ತರದ್ದೂ ಗಿಡ್ಡದ್ದೂ ಬೀಜಗುಣದಲ್ಲಿ ಒಂದೇ. ಹಾಗೆಂದು ಬಡಕಲು ಕಬ್ಬನ್ನೇ ನೆಟ್ಟರಾಯಿತೆಂದು ಯಾರೂ ಹೊರಡಬಾರದು. ತುಂಡಿನಲ್ಲಿರುವ ಸಕ್ಕರೆಯೂ ನೀರೂ ಎಳೆಯ ಮೊಳಕೆಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಬುತ್ತಿ ಗಟ್ಟಿಯಾಗಿದ್ದರೆ ಮೊಳಕೆಯ ಮೊದಲ ದಿನಗಳು ಸುಖವಾಗಿ ಸಾಗುತ್ತವೆ. ಅಲ್ಲದೆ ರೋಗ ಹಿಡಿದ ಕಬ್ಬಿನ ತುಂಡಿನೊಡನೆ ರೋಗವೂ ಹೊಸ ಹೊಲಕ್ಕೆ ಪಯಣ ಮಾಡುತ್ತದೆ. ಆದುದರಿಂದ ಸುಮಾರು ಒಂಬತ್ತು ಹತ್ತು ತಿಂಗಳ ಎಳೆಯ, ಆರೋಗ್ಯವುಳ್ಳ ಬೀಜಕಬ್ಬನ್ನೇ ಆರಿಸಬೇಕೆಂಬ ಸಲಹೆಯಲ್ಲಿ ಅರ್ಥವಿದೆ. ಅದು ಆರೈಕೆಯ ಮಾತು, ವಂಶದ ಮಾತಲ್ಲ.

ಸಂಪಾದಿಸಿಕೊಂಡ ಗುಣಗಳು ಸಂತತಿಗೆ ಇಳಿಯುತ್ತವೆಯೆಂಬ ನಂಬಿಕೆ ಬಹು ಹಳೆಯದು. ಅದನ್ನು ಪರೀಕ್ಷಿಸಲು ಜರ್ಮನಿಯ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ತಲೆತಲಾಂತರವಾಗಿ ಇಲಿಗಳ ಬಾಲ ಕತ್ತರಿಸಿ ನೋಡಿದನು. ಮರಿಗಳೆಲ್ಲ ಬಾಲದೊಡನೆಯೇ ಹುಟ್ಟಿದವು. ಪಾಪ, ಇಲಿಗಳನ್ನು ಪೀಡಿಸುವ ಅವಶ್ಯಕತೆಯಿರಲಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಶತಮಾನಗಳಿಂದ ಹೆಣ್ಣುಮಕ್ಕಳ ಕಿವಿ ಚುಚ್ಚುತ್ತಾ ಬಂದಿದ್ದೇವೆ! ತೂತಿನೊಡನೆ ಹುಟ್ಟಿದ ಕೂಸು ಒಂದೂ ಇಲ್ಲ. ಅಕ್ಕಸಾಲಿಗನ ಸಂಭಾವನೆ ತಪ್ಪಿಲ್ಲ.

ಹಾಗಾದರೆ ಹೊಸ ಬೀಜಗುಣ ಬರುವುದೆಲ್ಲಿಂದ? ಕಬ್ಬಿನ ಕತೆಯ ಎರಡನೆಯ ಅರ್ಧಕ್ಕೆ ಈಗ ಬರೋಣ.

ಕಬ್ಬೂ ಹೂ ಬಿಡುತ್ತದೆ. ಹಗಲಿನ ಕಾಲಮಾನವು ಹದಕ್ಕೆ ಬಂದಾಗ ತಲೆಯ ಮೇಲೆ ಬೆಳ್ಳಿಯ ಚಾಮರದಂತೆ ತುರಾಯಿ ಮೂಡುತ್ತದೆ. ರೈತನಿಗೆ ಇದು ಸಂತೋಷದ ನೋಟವಲ್ಲ. ತುರಾಯಿ ಬಂದ ಕಬ್ಬಿನ ಬೆಳವಣಿಗೆ ನಿಂತಿತೆಂದೇ ಲೆಕ್ಕ. ಆ ಹೂವು ಬಂಜೆಯೆಂದೇ ಬಹುಕಾಲ ನಂಬಲಾಗಿತ್ತು. 1888ರ ಸುಮಾರಿಗೆ ಜಾವಾದಲ್ಲಿಯೂ ಬಾರ್ಬಡೋಸ್ ದ್ವೀಪದಲ್ಲಿಯೂ ತುರಾಯಿಯ ನವಿರಿನೊಳಗಿನ ಧೂಳಿನಂತಹ ಬೀಜ ಮೊಳೆಯುತ್ತದೆಂಬುದು ದೃಢಪಟ್ಟಿತು. ನಮ್ಮ ದೇಶದಲ್ಲಿ ಆ ಬೀಜ ಚೆನ್ನಾಗಿ ಕಟ್ಟುವ ಸ್ಥಳವೆಂದರೆ ಕೊಯಮತ್ತೂರು. 1912ರಲ್ಲಿ ಅಲ್ಲಿ ಕಬ್ಬಿನ ತಳಿ ಸಂವರ್ಧನ ಕೇಂದ್ರವು ಸ್ಥಾಪಿತವಾಯಿತು. ಸಿ. ಎ. ಬಾರ್ಬರ್ ಮೊದಲ ಮುಖ್ಯಸ್ಥರು. ಅವರ ಕೈಕೆಳಗೆ ಪಳಗಿ ಮುಂದೆ ಕೇಂದ್ರವನ್ನು ಬೆಳೆಸಿದವರು ಟಿ. ಎಸ್. ವೆಂಕಟರಾಮನ್.

ಅವರು ಮಾಡಿದ ಸಾಹಸವನ್ನು ಊಹಿಸಿಕೊಳ್ಳಿ. ಒಂದು ಕಡೆ ದಪ್ಪನೆಯ, ರಸಭರಿತವಾದ, ಆದರೆ ಸುಕುಮಾರವಾದ ಊರಕಬ್ಬು. ಇನ್ನೊಂದು ಕಡೆ ಹಳ್ಳಕೊಳ್ಳಗಳ ದಂಡೆಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ, ಸಿಹಿಯೇ ಇಲ್ಲದ ಕಾಡುಕಬ್ಬು. ಇವೆರಡಕ್ಕೂ ಮದುವೆ ಮಾಡಿಸಿದರು! ಹುಲ್ಲಿಗೂ ಕಬ್ಬಿಗೂ ಸಂಬಂಧ ಬೆಳೆಸುವುದೇ ಎಂದು ನಕ್ಕವರೂ ಇದ್ದಿರಬಹುದು. 1918ರಲ್ಲಿ ಆ ಮದುವೆಯ ಸಂತಾನವಾದ ಕೋ 205 ರೈತರ ಕೈಸೇರಿತು. ಪಂಜಾಬಿನ ಕಡೆಯ ಚಳಿ, ಬರ, ಒರಟು ನೆಲಗಳನ್ನು ಸಹಿಸಿ ನಿಂತಿತು. ಕೋ ಎಂದರೆ ಕೊಯಮತ್ತೂರು. ದಕ್ಷಿಣದ ಸೀಮೆಗೆ 1933ರಲ್ಲಿ ಕೋ 419 ಬಂದಿತು; ಅದಕ್ಕೆ ಅದ್ಭುತ ಕಬ್ಬೆಂದೇ ಹೆಸರಾಯಿತು. ಇಂದು ಕೊಲ್ಲಾಪುರದಿಂದ ಕುಡಚಿಯವರೆಗೆ ಹೊಳೆಸಾಲಿನಲ್ಲಿ ಮನೆಮಾತಾಗಿರುವುದು ಕೋ 86032. 2000ದಲ್ಲಿ ಬಿಡುಗಡೆಯಾದ ಈ ತಳಿಯ ತಾಯಿ ಕೋ 62198, ತಂದೆ ಕೋಸಿ 671. ನಮ್ಮ ಯಜಮಾನರ ಎರಡೂ ಹೊಲಗಳಲ್ಲಿದ್ದುದು ಇದೇ.

ಈ ಮದುವೆಗಳ ವಿಶೇಷವೆಂದರೆ ಒಂದೇ ತಾಯಿತಂದೆಯರ ಸಾವಿರ ಸಸಿಗಳು ಸಾವಿರ ಬಗೆಯಾಗಿರುತ್ತವೆ. ದಪ್ಪ, ತೆಳು, ಕೆಂಪು, ಹಸುರು, ಸಿಹಿ, ಸಪ್ಪೆ, ಮುಳ್ಳುಸುಂಕಿನ ಎಲೆ, ನುಣುಪಾದ ಎಲೆ. ಕಾರಣ ಜೀವಕೋಶದೊಳಗಿನ ವರ್ಣತಂತುಗಳು. ಊರಕಬ್ಬಿನ ಕೋಶದಲ್ಲಿ 80, ಕಾಡುಕಬ್ಬಿನಲ್ಲಿ 40ರಿಂದ 128. ಇಂದಿನ ಬೆರಕೆಯ ತಳಿಗಳಲ್ಲಿ ನೂರಕ್ಕೂ ಮೇಲೆ. ಮನುಷ್ಯನಿಗಿರುವುದು ಬರಿಯ 46. ಪರಾಗವೂ ಅಂಡವೂ ರೂಪುಗೊಳ್ಳುವಾಗ ಈ ತಂತುಗಳು ಇಸ್ಪೀಟಿನ ಎಲೆಗಳಂತೆ ಕಲೆಸಿ ಹಂಚಲ್ಪಡುತ್ತವೆ. ಕೊಯಮತ್ತೂರಿನಲ್ಲಿ 1934ರಿಂದ ಕೆಲವು ವರ್ಷ ಈ ತಂತುಗಳನ್ನೇ ಸೂಕ್ಷ್ಮದರ್ಶಕದಲ್ಲಿ ಎಣಿಸಿ ಅಭ್ಯಸಿಸಿದ ಮಹಿಳೆ ತಲಚೇರಿಯ ಇ. ಕೆ. ಜಾನಕಿ ಅಮ್ಮಾಳ್, ಕಬ್ಬನ್ನು ಮೆಕ್ಕೆಜೋಳದೊಡನೆಯೂ ಕೂಡಿಸಿದ ಧೀರೆ ಆಕೆ.

ಮನುಷ್ಯರಲ್ಲಿಯೂ ಇದೇ ಆಟ. 23 ಜೊತೆ ತಂತುಗಳಲ್ಲಿ ಪ್ರತಿ ಜೊತೆಯಿಂದ ಒಂದೊಂದನ್ನು ಆರಿಸಿದರೆ ತಾಯಿಯೊಬ್ಬಳಿಂದಲೇ 83 ಲಕ್ಷಕ್ಕೂ ಮಿಕ್ಕ ಬಗೆಯ ಹಂಚಿಕೆ ಸಾಧ್ಯ, ತಂದೆಯಿಂದಲೂ ಅಷ್ಟೇ. ಎರಡನ್ನೂ ಗುಣಿಸಿದರೆ ಒಂದೇ ದಂಪತಿಗಳಿಗೆ ಸುಮಾರು 70 ಲಕ್ಷ ಕೋಟಿ ಬಗೆಯ ಮಕ್ಕಳು ಹುಟ್ಟಬಹುದು. ತಂತುಗಳು ತಮ್ಮತಮ್ಮಲ್ಲಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು ಇದರಲ್ಲಿ ಸೇರಿಸಿಯೇ ಇಲ್ಲ. "ಅಣ್ಣ ಹಾಗಿದ್ದಾನೆ, ನೀನೇಕೆ ಹೀಗೆ?" ಎಂದು ಕಿರಿಯವನನ್ನು ಜರೆಯುವ ತಾಯ್ತಂದೆಯರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದುಕೊಳ್ಳಬೇಕು.

ಕಲೆಸುವುದರಿಂದ ಹಳೆಯ ಎಲೆಗಳೇ ಹೊಸ ಜೋಡಣೆಗೆ ಬರುತ್ತವೆ. ಹೊಚ್ಚ ಹೊಸ ಎಲೆ ಹುಟ್ಟುವುದು ನಕಲು ಮಾಡುವಾಗ ಆಗುವ ಕೈತಪ್ಪಿನಿಂದ. ತಾಳೆಗರಿಯ ಪ್ರತಿಯನ್ನು ನಕಲಿಸುವ ಲಿಪಿಕಾರನು ಒಂದಕ್ಷರ ತಪ್ಪಿದರೆ ಪಾಠಾಂತರ ಹುಟ್ಟುವುದಿಲ್ಲವೇ? ಹಾಗೆಯೇ ವಂಶದ ಬರವಣಿಗೆಯಲ್ಲಿಯೂ. ಇದಕ್ಕೆ ಮ್ಯುಟೇಶನ್ ಎಂದು ಹೆಸರು. ಹಸುಗೂಸೊಂದು ತಾಯ್ತಂದೆಯರಿಬ್ಬರಲ್ಲಿಯೂ ಇಲ್ಲದ ಇಂತಹ ಹತ್ತಾರು ಪಾಠಾಂತರಗಳನ್ನು ಹೊತ್ತು ಬರುತ್ತದೆ. ಬಹುಮಟ್ಟಿಗೆ ಅವುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ತುಂಡಿನಿಂದ ಬೆಳೆಯುವ ಕಬ್ಬಿನಲ್ಲಿಯೂ ಎಂದೋ ಒಮ್ಮೆ ಪಟ್ಟೆಪಟ್ಟೆಯ ಗಿಡದಿಂದ ಒಂದೇ ಬಣ್ಣದ ಕೊನರು ಏಳುವುದುಂಟು. ನಾನು ಮೇಲೆ ಹೇಳಿದ "ಒಂದೇ ಗಿಡ"ವೆಂಬ ಮಾತಿಗೆ ಇದೊಂದು ಅಪವಾದ.

ಇಷ್ಟಾದ ಮೇಲೆ ಓದುಗರು ಕೇಳಬಹುದು: ಕೊನೆಗೆ ಬೀಜದ ಪಾಲೆಷ್ಟು, ನೆಲದ ಪಾಲೆಷ್ಟು? ರೂಪಾಯಿಗೆ ಎಷ್ಟಾಣೆ? ಈ ಪ್ರಶ್ನೆಯಲ್ಲಿಯೇ ಒಂದು ಕುಣಿಕೆಯಿದೆ. ಕುಡಚಿಯ ಪಕ್ಕದ ಚಿಂಚಲಿಯ ಮಾಯಕ್ಕನ ಜಾತ್ರೆಗೆ ದೂರದ ಊರುಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಭಕ್ತರು ಬರುವುದುಂಟು. ಬಂದ ಒಂದು ಗಾಡಿಯನ್ನು ತೋರಿಸಿ, ಇದನ್ನೆಳೆದದ್ದು ಎಡದ ಎತ್ತೋ ಬಲದ ಎತ್ತೋ ಎಂದು ಕೇಳಿದರೆ ಉತ್ತರವಿಲ್ಲ. ಆದರೆ ಎರಡು ಗಾಡಿಗಳಲ್ಲಿ ಒಂದು ಮುಂದೆ ಬಂದು ಇನ್ನೊಂದು ಹಿಂದುಳಿದದ್ದೇಕೆಂದು ಕೇಳಿದರೆ, ಎಡದ ಎತ್ತುಗಳು ಸಮನಾಗಿದ್ದು ಬಲದವುಗಳಲ್ಲಿ ಅಂತರವಿದ್ದರೆ, ಉತ್ತರ ಹೇಳಬಹುದು. ಒಂದೊಂದು ಜೀವಿಯೂ ಬೀಜ ನೆಲಗಳೆರಡರ ಜೋಡಿಗಾಡಿ. ಜೀವಿಗಳ ನಡುವಣ ಅಂತರವನ್ನು ಮಾತ್ರ ಪಾಲು ಹಚ್ಚಬಹುದು. ಆ ಪಾಲೂ ಊರಿಂದೂರಿಗೆ ಬದಲಾಗುತ್ತದೆ. ಕುಡಚಿಯ ಒಂದೇ ತಳಿಯ ಹೊಲದಲ್ಲಿ ಅಂತರವೆಲ್ಲ ನೆಲದ್ದು. ಕೊಯಮತ್ತೂರಿನ ಹದಗೊಳಿಸಿದ ಒಂದೇ ಸಮನಾದ ಮಡಿಯಲ್ಲಿ ಸಾವಿರ ಸಸಿಗಳ ನಡುವಿನ ಅಂತರ ಬಹುಪಾಲು ಬೀಜದ್ದು. ಬೆಳೆ ಅದೇ ಕಬ್ಬು!

ಇನ್ನೂ ಒಂದು ತೊಡಕಿದೆ. ಅಮೆರಿಕದ ಕ್ಲಾಸೆನ್, ಕೆಕ್, ಹೀಸಿ ಎಂಬ ಮೂವರು ಕ್ಯಾಲಿಫೋರ್ನಿಯದ ಒಂದು ಕಾಡುಗಿಡವನ್ನು, ನಾವು ಕಬ್ಬನ್ನು ಮಾಡುವಂತೆ, ತುಂಡರಿಸಿ ಕಡಲ ಸಮೀಪದಲ್ಲಿ, 1,400 ಮೀಟರು ಎತ್ತರದಲ್ಲಿ ಮತ್ತು 3,050 ಮೀಟರು ಎತ್ತರದಲ್ಲಿ, ಹೀಗೆ ಮೂರು ತೋಟಗಳಲ್ಲಿ ನೆಟ್ಟರು. 1940ರಲ್ಲಿ ಫಲಿತಾಂಶ ಪ್ರಕಟವಾಯಿತು. ಕರಾವಳಿಯಲ್ಲಿ ಸೊಂಪಾಗಿ ಬೆಳೆದ ಬಗೆಯು ಹಿಮದ ನೆತ್ತಿಯ ಮೇಲೆ ಬಾಳಲಿಲ್ಲ; ನೆತ್ತಿಯ ಗಿಡ್ಡ ಬಗೆಯು ಅಲ್ಲಿಯೇ ಸುಖವಾಗಿತ್ತು. ಯಾವುದು ಮೇಲಾದ ಬೀಜವೆಂದು ನೆಲವನ್ನು ಹೆಸರಿಸದೆ ಹೇಳಲಾಗುವುದಿಲ್ಲವೆಂದಾಯಿತು. ಒಳ್ಳೆಯ ಎರೆಯಲ್ಲಿ ಮೊದಲ ಸ್ಥಾನದ ಕಬ್ಬು ಸವಳಿನಲ್ಲಿ ಹಿಂದೆ ಬೀಳಬಹುದು. ಎರೆಯಲ್ಲಿ ಸಾಧಾರಣವಾದದ್ದು ಸವಳಿನಲ್ಲಿ ಮರ್ಯಾದೆ ಉಳಿಸಿಕೊಳ್ಳಬಹುದು.

ನೆಲಕ್ಕೆ ತಕ್ಕ ಜೀವವನ್ನು ರೂಪಿಸಿದ ಉದಾಹರಣೆ ಇದೇ ಹೊಳೆಸಾಲಿನಲ್ಲಿದೆ. ಮಳೆ ಬಿದ್ದ ಎರೆಯಲ್ಲಿ ನೇಗಿಲು ಹೂತುಹೋಗುತ್ತದೆ. ಅದನ್ನೆಳೆಯಲು ಹಗುರ ಮೈಯ ಎತ್ತು ಸಾಲದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ ಮಿರಜಗಳ ಪಟವರ್ಧನ ಸಂಸ್ಥಾನಿಕರು ಕಾಠೇವಾಡದ ಗೀರ್, ಆಂಧ್ರದ ಓಂಗೋಲು, ಮೈಸೂರು ಸೀಮೆಯ ದನಗಳ ರಕ್ತವನ್ನು ಊರಿನ ಹಸುಗಳಲ್ಲಿ ಬೆರೆಸಿ ಭಾರಿ ಮೈಯ, ಜೋಲುವ ಗಂಗೆದೊಗಲಿನ, ನಿಧಾನವಾದರೂ ಬಲವಾಗಿ ಎಳೆಯುವ ಒಂದು ತಳಿಯನ್ನು ರೂಪಿಸಿದರು. ಅದೇ ಕೃಷ್ಣಾ ಕಣಿವೆಯ ತಳಿ. ಅಮೃತಮಹಲ್, ಹಳ್ಳಿಕಾರ್, ಖಿಲಾರಿಗಳ ಸಾಲಿನಲ್ಲಿ ಅದಕ್ಕೂ ಅಧಿಕೃತ ಮನ್ನಣೆಯಿದೆ. ಆದರೆ ಎರೆಯನ್ನು ಉಳುವ ಕೆಲಸ ಟ್ರಾಕ್ಟರಿನ ಪಾಲಾಯಿತು. ಹಾಲಿಗೆ ಬೇರೆ ತಳಿಗಳು ಬಂದವು. ಕೆಲಸ ಹೋದ ದೊಡ್ಡ ಹೊಟ್ಟೆಯ ಎತ್ತನ್ನು ಯಾರು ಸಾಕಿಯಾರು? ಇಂದು ಈ ತಳಿಯ ಶುದ್ಧ ಜೋಡಿಯನ್ನು ಹುಡುಕಿಕೊಂಡು ಊರೂರು ತಿರುಗಬೇಕಾಗಿದೆ.

ಇಲ್ಲಿ ನಷ್ಟವಾಗುವುದು ಯಾವುದೆಂಬುದನ್ನು ನಾವು ಸರಿಯಾಗಿ ಗುರುತಿಸಬೇಕು. ಸವಳು ಹಿಡಿದ ನೆಲವನ್ನು ತಿದ್ದಬಹುದು. ಉಗಾರದ ಸುತ್ತಲಿನ ಹೊಲಗಳಲ್ಲಿ ನೆಲದಡಿಯಲ್ಲಿ ತೂತುಗೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದುಬಿಡುವ ಕೆಲಸ ನಡೆದಿದೆ. ಮಿತವಾಗಿ ನೀರು ಕೊಟ್ಟು, ಹಸಿರೆಲೆ ಗೊಬ್ಬರ ಹಾಕಿದರೆ ಕೆಲವು ವರ್ಷಗಳಲ್ಲಿ ಎದೆಯೆತ್ತರದ ಕಬ್ಬು ಮತ್ತೆ ಎರಡಾಳೆತ್ತರಕ್ಕೆ ಏಳುತ್ತದೆ, ಏಕೆಂದರೆ ಅದರ ಬೀಜಗುಣ ಎಲ್ಲಿಯೂ ಹೋಗಿಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಮುಳುಗಿದ ಹೊಳೆಸಾಲಿನ ಹೊಲಗಳಲ್ಲಿಯೂ ಮತ್ತೆ ಕಬ್ಬು ನಿಂತಿತು. ಆದರೆ ಒಂದು ತಳಿಯು ಅಳಿದು ಅದರೊಡನೆ ಹೋದ ವಂಶಕಣವನ್ನು ಯಾವ ಗೊಬ್ಬರವೂ ಮರಳಿ ತಾರದು.

ಇದೇ ಕಾರಣದಿಂದ ಮೈಲುಗಟ್ಟಲೆ ಒಂದೇ ತಳಿಯನ್ನು ನೆಡುವುದರಲ್ಲಿ ಅಪಾಯವಿದೆಯೆಂದು ನನ್ನ ಅಭಿಪ್ರಾಯ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ತಡೆಯುವ ಗುಣವುಳ್ಳ ನೆರೆಯವನು ನಡುವೆ ಇರುವುದೇ ಇಲ್ಲ. ಐರ್ಲೆಂಡಿನಲ್ಲಿ ಬಡವರ ಆಹಾರವೆಲ್ಲ ಗೆಡ್ಡೆಯಿಂದಲೇ ಬೆಳೆಸುವ ಒಂದು ಬಗೆಯ ಆಲೂಗಡ್ಡೆಯಾಗಿತ್ತು. 1845ರಲ್ಲಿ ಅದಕ್ಕೆ ಅಂಗಮಾರಿ ಬಂದಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಅಸುನೀಗಿದರು. ಅಷ್ಟು ದೂರವೇಕೆ? ಉತ್ತರಪ್ರದೇಶದಲ್ಲಿ 2009ರಲ್ಲಿ ಬಿಡುಗಡೆಯಾದ ಕೋ 0238 ಎಂಬ ಕಬ್ಬು ರೈತರ ಭಾಗ್ಯದ ಬಾಗಿಲನ್ನೇ ತೆರೆಯಿತು. ಹತ್ತು ವರ್ಷಗಳಲ್ಲಿ ಆ ರಾಜ್ಯದ ಕಬ್ಬಿನ ಭೂಮಿಯಲ್ಲಿ ಬಹುಭಾಗ ಅದೊಂದೇ ಆಯಿತು. ಆಮೇಲೆ ಕೆಂಪು ಕೊಳೆ ರೋಗ ಬಂದಿತು. ಹೊಲಕ್ಕೆ ಹೊಲವೇ ಕೆಂಪಾಗಿ ಒಣಗಿ, ರೈತರು ಹೊಸ ತಳಿಯ ತುಂಡುಗಳಿಗಾಗಿ ಅಲೆದರು.

ಹೊಸ ತಳಿಯೊಂದು ಕೊಯಮತ್ತೂರಿನ ಮಡಿಯಿಂದ ಹೊಲಕ್ಕೆ ಬರಲು ಹತ್ತು ಹನ್ನೆರಡು ವರ್ಷಗಳೇ ಬೇಕು. ಅದಕ್ಕೆ ಬೇಕಾದ ಮೂಲಧನವನ್ನು ಕೇರಳದ ಕಣ್ಣೂರಿನಲ್ಲಿ ಕೂಡಿಟ್ಟಿದ್ದಾರೆ. ಕೊಯಮತ್ತೂರಿನ ಸಂಸ್ಥೆಯ ಶಾಖೆಯೊಂದು ಅಲ್ಲಿದೆ; ಜಗತ್ತಿನ ಕಬ್ಬಿನ ಬಗೆಗಳ ಎರಡು ಮಹಾಸಂಗ್ರಹಗಳಲ್ಲಿ ಅದೊಂದು, ಇನ್ನೊಂದು ಅಮೆರಿಕದ ಮಿಯಾಮಿಯಲ್ಲಿ. ಕಾರ್ಖಾನೆಗಳಿಗೆ ಬೇಡವಾದ ಊರಕಬ್ಬುಗಳು, ಕಾಡುಕಬ್ಬುಗಳು, ಹೆಸರು ಮರೆತುಹೋದ ಬೆರಕೆಗಳು, ಹೀಗೆ ಸಾವಿರಾರು ಬಗೆಗಳು ಅಲ್ಲಿ ಒಂದೊಂದು ಸಾಲಾಗಿ ನಿಂತಿವೆ. ಅವನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಲಾಗುವುದಿಲ್ಲ. ಕಬ್ಬಿನ ತುಂಡು ಬಾಳುವುದು ನೆಲದಲ್ಲಿಯೇ. ಆದುದರಿಂದ ಪ್ರತಿ ವರ್ಷವೂ ಒಂದೊಂದನ್ನೂ ಕಡಿದು, ಹೆಸರಿನ ಪಟ್ಟಿ ಕಟ್ಟಿ, ಕಣ್ಣು ನೋಡಿ ತುಂಡರಿಸಿ, ಅದೇ ಸಾಲಿನಲ್ಲಿ ಮರಳಿ ನೆಡುತ್ತಾರೆ.